ಉಡಿಯಕ್ಕಿಯ ನಾಲ್ಕು ಕಾಳು

ಹುಬ್ಬಳ್ಳಿಗೆ ಬಂದ ಮೊದಲ ಬೆಳಿಗ್ಗೆ ಬಾಗಿಲು ಬಡಿದ ಸದ್ದಿಗೆ, ಯಾರೋ ಜಗಳಕ್ಕೇ ಬಂದರೆಂದು ನಡುಗಿದೆ. ತೆರೆದರೆ ಮನೆಯೊಡತಿ ನೀಲವ್ವ, ಕೈಯಲ್ಲಿ ಬಿಸಿ ಜೋಳದ ರೊಟ್ಟಿ. "ಇನ್ನೂ ಮಲಗೀರೇನ್ರಿ? ತಗೊಳ್ರಿ, ಆರೂದ್ರಾಗ ಲಗೂ ತಿನ್ರಿ!" ನಮ್ಮ ಕುಂದಾಪುರದಲ್ಲಿ ಅಷ್ಟು ದೊಡ್ಡ ದನಿ ತೆಗೆದರೆ ನೆರೆಯವರು ಓಡಿ ಬರುತ್ತಾರೆ. ಇಲ್ಲಿ ಅದು ಅಕ್ಕರೆ.

ಗಂಡನಿಗೆ ಗೋಕುಲ ರಸ್ತೆಯ ಕಾರ್ಖಾನೆಯಲ್ಲಿ ಕೆಲಸ, ನನಗೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ. ಕಡಲಿಲ್ಲ, ಕುಚ್ಚಲಕ್ಕಿ ಗಂಜಿಯಿಲ್ಲ; ಮೊದಮೊದಲು ಅತ್ತದ್ದೇ ಅತ್ತದ್ದು. ನಾನು ರೊಟ್ಟಿ ಬಡಿಯಲು ಕಲಿತ ದಿನ ನೀಲವ್ವ ಓಣಿಗೆಲ್ಲ ಸಾರಿದರು: "ಆಕಾರ ಇಲ್ಲ ಖರೇ, ಆದ್ರ ಉಬ್ಬೈತಿ ನೋಡ್ರಿ!"

ಈ ಬೇಸಿಗೆಯಲ್ಲಿ, ಊರಿನ ಕಡೆಗೆ ವರ್ಗ ಕೇಳಲೇ ಎಂದರು ಗಂಡ. ರಜೆಗೆ ತವರಿಗೆ ಹೋಗಿ, ಅಲ್ಲಿಂದ ಹೇಳುತ್ತೇನೆ ಎಂದೆ. ಮನಸ್ಸು ಆಗಲೇ ಹೂಂ ಅಂದಿತ್ತು.

ರಜೆಗೆ ಮುಂಚಿನ ಕೊನೆಯ ತರಗತಿಯಲ್ಲಿ ಹುಡುಗಿಯೊಬ್ಬಳು ಕೇಳಿದಳು: "ಟೀಚರ್, ರಜಾನೂ ಲೀವ್, ಬಿಟ್ಟು ಹೋಗೂದೂ ಲೀವ್. ಎರಡೂ ಒಂದೇ ಏನ್ರಿ?" ಅಲ್ಲ. ನಿಘಂಟು ತೆರೆದು ತೋರಿಸಿದೆ. ರಜೆಯ ಲೀವ್ ಅಂದರೆ ಅಪ್ಪಣೆ. ಅದರ ಬೇರಿಗೆ ಪ್ರೀತಿಯ ನಂಟು. ಹೊರಡುವ ಲೀವ್‌ನ ವಂಶವೇ ಬೇರೆ, ಅದರ ಹಳೆಯ ಅರ್ಥ 'ಉಳಿಸು'. ಹೋಗುವ ಮಾತಿನೊಳಗೆ ಉಳಿಸುವುದು ಹೇಗೆ ಬಂತೆಂದು ಹುಡುಗಿಯರು ನಕ್ಕರು, ನಾನೂ ನಕ್ಕೆ.

ಹೊರಡುವ ದಿನ ನೀಲವ್ವ ಮಣೆ ಹಾಕಿ ಕೂರಿಸಿ ಕುಂಕುಮ ಹಚ್ಚಿದರು. ಅಕ್ಕಿ, ಕೊಬ್ಬರಿ, ಕುಪ್ಪಸದ ಬಟ್ಟೆಯಿದ್ದ ತಾಟು ಎತ್ತಿದರು. ಮಡಿಲು ತುಂಬುವುದು ತವರಲ್ಲಿ ಮಾತ್ರ ಎಂದುಕೊಂಡಿದ್ದ ನಾನು ಕೈಚೀಲ ಒಡ್ಡಿದೆ!

"ಅಯ್ಯ ಶಿವನ! ಚೀಲದಾಗ ಕಿರಾಣಿ ತುಂಬತಾರ, ಉಡಿ ಅಲ್ಲ. ಸೆರಗ ಒಡ್ಡು. ಮನಿ ಮಗಳನ್ನ ಬರೇ ಉಡೀಲೆ ಕಳಸ್ತಾರೇನ?"

'ನೀವು' ಹೋಗಿ 'ನೀನು' ಬಂದಿತ್ತು. ಸೆರಗು ಒಡ್ಡಿದೆ, ಅವರು ಉಡಿ ತುಂಬಿದರು. ಎದ್ದಾಗ ಮತ್ತೆ ತಡೆದರು: "ನಾಲ್ಕ ಕಾಳು ಇಲ್ಲೇ ಬಿಟ್ಟು ಹೋಗವ್ವಾ. ಎಲ್ಲಾ ಒಯ್ದ್ರ ಮನಿ ಬರಿದಾಗತೈತಿ." ಸೆರಗಿನಿಂದ ಚಿಟಿಕೆ ಅಕ್ಕಿ ತೆಗೆದು ಅವರ ತಾಟಿಗೆ ಹಾಕುವಾಗ ತರಗತಿಯ ಆ ಲೀವ್ ನೆನಪಾಯಿತು, 'ಉಳಿಸು' ಎಂಬ ಅರ್ಥದ್ದು.

ಕುಂದಾಪುರದಲ್ಲಿ ಹೊಟ್ಟೆ ತುಂಬ ಮೀನು ಸಾರು ಉಂಡೆ, ಕಣ್ತುಂಬ ಕಡಲು ನೋಡಿದೆ. ಆಮೇಲೆ ಅಮ್ಮನ ಡಬ್ಬಿಗಳಲ್ಲಿ ಜೋಳದ ಹಿಟ್ಟು ಹುಡುಕತೊಡಗಿದೆ. ವರ್ಗ ಬೇಡವೆಂದು ಗಂಡನಿಗೆ ಫೋನು ಮಾಡಿದೆ. ಹೊರಡುವಾಗ ಅಮ್ಮ ಮಡಿಲಿಗೆ ಅಕ್ಕಿ, ಕಾಯಿ ಹಾಕಿದಳು. ನಾನು ನಾಲ್ಕು ಕಾಳು ತೆಗೆದು ಅವಳ ಅಕ್ಕಿ ಡಬ್ಬಿಗೆ ಹಾಕಿದೆ.

"ಇದೆಂತದೇ ಮಾಡುದ್?" ಎಂದಳು.

"ನಮ್ಮ ಕಡೆ ಹಿಂಗ ಮಾಡ್ತಾರ್ರಿ" ಅಂದೆ, ಹೆತ್ತ ತಾಯಿಗೆ.