ತಂಗಿಯ ಫೋಟೊಗೆ ಅಕ್ಕನ ಅಲಂಕಾರ

ಮೂರನೆಯ ಮಗಳಿಗೆ ಇಪ್ಪತ್ತೈದು ದಿನ ತುಂಬಿದಾಗ ಮಕ್ಕಳೆಲ್ಲರ ಫೋಟೊ ತೆಗೆಸಬೇಕೆಂಬ ಹುಚ್ಚು ಹತ್ತಿದ್ದು ನನಗೇ, ಬೇರೆ ಯಾರನ್ನೂ ದೂರುವಂತಿಲ್ಲ. ಚಿತ್ರದುರ್ಗದಿಂದ ನಮ್ಮ ಹಿರಿಯೂರಿನ ಮನೆಗೇ ಬರುತ್ತೇನೆಂದ ಫೋಟೊಗ್ರಾಫರ್ ಹುಡುಗಿ ಒಂದೇ ಷರತ್ತು ಹಾಕಿದ್ದಳು: ದೊಡ್ಡ ಮಕ್ಕಳಿಬ್ಬರಿಗೂ ಕೆನೆ ಬಣ್ಣದ ಬಟ್ಟೆ ಹಾಕಿ, ಚಿತ್ರಗಿತ್ರ ಏನೂ ಇರಬಾರದು. ಹೇಳುವುದು ಸುಲಭ. ಕರಡಿಯೋ ಕಾರೋ ಇಲ್ಲದ ಅಂಗಿ ಹುಡುಕಿ ಹುಡುಕಿ ನನ್ನ ಕಾಲು ಬಿದ್ದುಹೋಯಿತು. ಕೊನೆಗೆ ನಾಲ್ಕು ವರ್ಷದ ಮಗನಿಗೆ ಕರಡಿಯ ಅಂಗಿಯನ್ನೇ ತಂದು, ಒಳಮೈ ಹೊರಗೆ ಮಾಡಿ ತೊಡಿಸಿದೆ. “ಕರಡಿ ಒಳಗೆ ಕಚಗುಳಿ ಇಡ್ತೈತೆ” ಎಂದು ಅವನು ಮನೆಯೆಲ್ಲ ಕುಣಿದ.

ತಾಪತ್ರಯವಾದದ್ದು ಏಳು ವರ್ಷದ ದೊಡ್ಡ ಮಗಳದು. ಪಾಪು ಮನೆಗೆ ಬಂದಾಗಿನಿಂದ ಅವಳ ಮುಖ ಊದಿಕೊಂಡೇ ಇತ್ತು. ಫ್ರಾಕಿಗೆ ಒಂದು ತೋಳು ತೂರಿಸಿದವಳು ಹಾಗೇ ನಿಂತಳು.

“ನಾನು ಹುಟ್ಟಿದಾಗಿನ ಫೋಟೊ ಎಲ್ಲೈತೆ?”

“ಫೋನ್ ಕೆಟ್ಟೋಗಿತ್ತು ಅಂತ ಹೇಳಿದ್ನಲ್ಲ. ಬೇಗ ಹಾಕ್ಕ, ಹೊತ್ತಾಯ್ತು.”

“ತಮ್ಮಂದು ಐತೆ. ಪಾಪುದೂ ತೆಗೀತಾರೆ. ನಾನೇ ನಿಮಗೆ ಬ್ಯಾಡಾಗಿದ್ದೆ.”

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಗದರಿಬಿಟ್ಟೆ. ಅವಳು ಫ್ರಾಕು ಕಿತ್ತೆಸೆದು ಪೆಟಿಕೋಟಿನಲ್ಲೇ ಓಡಿಹೋಗಿ ಅಡುಗೆಮನೆಯ ಮೂಲೆ ಸೇರಿದಳು.

ಫೋನಿನ ಮಾತು ಸುಳ್ಳು. ಹುಟ್ಟಿದಾಗ ತೂಕವಿಲ್ಲದೆ ಅವಳು ಹನ್ನೆರಡು ದಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದಳು. ಮನೆಗೆ ಬಂದ ಮೇಲೂ, ಎಳೆಗೂಸಿನ ಫೋಟೊ ತೆಗೆದರೆ ಆಯಸ್ಸು ಕಡಿಮೆಯಾಗುತ್ತದೆಂದು ನನ್ನ ಅತ್ತೆ ಯಾರ ಫೋನನ್ನೂ ತೊಟ್ಟಿಲ ಹತ್ತಿರ ಬಿಡಲಿಲ್ಲ. ನಾಲ್ಕು ತಿಂಗಳು ಹಾಗೇ ಕಳೆದವು. ಮಗ ಗುಂಡುಗುಂಡಾಗಿ ಹುಟ್ಟಿದ್ದರಿಂದ ಅವನ ಸರದಿಯಲ್ಲಿ ಅತ್ತೆ ಪಟ್ಟು ಸಡಿಲಿಸಿದರು. ಇದನ್ನೆಲ್ಲ ಮಗಳಿಗೆ ಹೇಗೆ ಹೇಳುವುದೆಂದು ತಿಳಿಯದೆ ತಪ್ಪನ್ನು ಫೋನಿನ ತಲೆಗೆ ಕಟ್ಟಿದ್ದೆ.

ಅಷ್ಟರಲ್ಲಿ ಫೋಟೊಗ್ರಾಫರ್ ಬಂದು, ಬುಟ್ಟಿ, ಹೊದಿಕೆಗಳನ್ನೆಲ್ಲ ಹರಡಿದಳು. ಕಾದು ಕಾದು, “ಅಕ್ಕನ್ನ ಬಿಟ್ಟು ತೆಗೀಲಾ ಮೇಡಂ?” ಎಂದಳು. ಬೇಡವೇ ಬೇಡ ಎಂದೆ. ಈಗ ಅವಳನ್ನು ಬಿಟ್ಟು ತೆಗೆದರೆ, ತಾನು ಬೇಡವಾದವಳೆಂಬುದು ಅವಳ ಮನಸ್ಸಿನಲ್ಲಿ ಬೇರೂರಿಬಿಡುತ್ತದೆಂದು ನನಗೆ ನಿಜಕ್ಕೂ ಭಯವಾಯಿತು.

ಪಾಪುವಿನ ಕೆನ್ನೆಗೆ ಕಾಡಿಗೆ ಬೊಟ್ಟಿಡುತ್ತಿದ್ದ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಮಂಡಿ ಹಿಡಿದುಕೊಂಡು ಎದ್ದು, ಅಡುಗೆಮನೆಗೆ ಹೋಗಿ ಮೊಮ್ಮಗಳ ಪಕ್ಕ ನೆಲದ ಮೇಲೆ ಕೂತರು. ನಾನು ಬಾಗಿಲಲ್ಲೇ ನಿಂತೆ.

“ಫೋನೇನೂ ಕೆಟ್ಟಿರ್ಲಿಲ್ಲ. ಫೋಟೊ ಬ್ಯಾಡ ಅಂದೋಳು ನಾನು. ನನ್ನ ಅಂಗೈಯಷ್ಟಿದ್ದೆ ನೀನು. ಎಲ್ಲಿ ಕೈಬಿಟ್ಟು ಹೋಗ್ತೀಯೋ ಅಂತ ಹೆದ್ರಿಕಂಡಿದ್ದೆ ಕಣವ್ವ.”

ಮಗಳು ಅಜ್ಜಿಯ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ಈಗ ಪಾಪುದು ತೆಗೆಯಾಕೆ ಹೆದ್ರಿಕೆ ಇಲ್ವಾ?”

“ಐತೆ. ಅದಕ್ಕೇ ನೀನು ಅದ್ರ ಪಕ್ಕ ಕುಂತ್ಕ.”

ಅವಳು ಎದ್ದು ಬಂದು ಫ್ರಾಕನ್ನು ತಾನೇ ಹಾಕಿಕೊಂಡಳು. ಹಿಂದಿನ ಗುಂಡಿ ಹಾಕಲು ನನಗೆ ಬೆನ್ನು ಕೊಟ್ಟಳು. “ತಪ್ಪಾಯ್ತು ಕಣೆ” ಎಂದೆ. ಚಾಪೆಯ ಮೇಲೆ ಚಕ್ಕಳಮಕ್ಕಳ ಕೂತವಳ ಮಡಿಲಲ್ಲಿ ಪಾಪುವನ್ನು ಮಲಗಿಸಿದೆ. ಕ್ಯಾಮೆರಾ ನೋಡು ಎಂದು ಫೋಟೊಗ್ರಾಫರ್ ಎಷ್ಟು ಕರೆದರೂ ಅವಳು ಬಾಗಿಲ ಬಳಿ ನಿಂತಿದ್ದ ಅಜ್ಜಿಯನ್ನೇ ನೋಡುತ್ತಿದ್ದಳು.

“ಅಜ್ಜಿ, ಹೆದ್ರಬ್ಯಾಡ. ನಾನು ಬಿಗಿಯಾಗಿ ಹಿಡ್ಕಂಡಿದೀನಿ” ಎಂದಳು.