ಬಾಯಮ್ಮನ ಕುಂಟಲ ಹಣ್ಣಿನ ಕೇಕು

ತುಪ್ಪ ಕರಟಿದ ವಾಸನೆ ಮೂಗಿಗೆ ಬಂದರೆ ಸಾಕು, ಒಂದು ದಿನದ ಚಿಂತೆಗಳೆಲ್ಲ ನನಗೆ ಸಾಲಾಗಿ ನೆನಪಾಗುತ್ತವೆ. ಬಸ್ಸು ದಾರಿಯಲ್ಲಿ ಕೆಟ್ಟು ನಿಲ್ಲಬಹುದಿತ್ತು. ಬಸ್ಸು ಬಂದರೂ ಬರಬೇಕಾದವರು ಇಳಿಯದೆ ಮುಂದೆ ಹೋಗಬಹುದಿತ್ತು. ಮಂಗಳೂರಿನಿಂದ ತರಿಸಿದ ಬಾದಾಮಿಯಲ್ಲಿ ಒಂದು ಕಹಿ ಬೀಜ ಸೇರಿ ಎಲ್ಲವನ್ನೂ ಕೆಡಿಸಬಹುದಿತ್ತು. ಮೊಟ್ಟೆ ಹಾಳಾಗಿರಬಹುದಿತ್ತು. ಗುಡ್ಡೆಯ ಕುಂಟಲ ಹಣ್ಣು ಇನ್ನೂ ಒಗರಾಗಿರಬಹುದಿತ್ತು. ಕೆಂಡ ಹೆಚ್ಚಾಗಿ ಹೊರಗೆ ಕರಿ, ಒಳಗೆ ಹಸಿ ಆಗಬಹುದಿತ್ತು. ಅಥವಾ ಹಿತ್ತಿಲಿನ ಒಲೆಯ ಮೇಲೆ ಬೇಸಗೆಯ ಮಳೆಯೇ ಸುರಿಯಬಹುದಿತ್ತು. ಅತಿಥಿ ಜಗಲಿ ಹತ್ತುವ ಹೊತ್ತಿಗೆ ಸರಿಯಾಗಿ ನಮ್ಮ ಅತ್ತೆ ಬೇಲಿಯಾಚೆಯಿಂದ ಮೊಟ್ಟೆ ವಾಸನೆಯ ಮಾತು ತೆಗೆಯಬಹುದಿತ್ತು. ಎಲ್ಲ ಸರಿಹೋಗಿ, ತಟ್ಟೆ ಎದುರಿಗಿಟ್ಟ ಮೇಲೆ, ಅತಿಥಿಯೇ ಬೇಡ ಎನ್ನಬಹುದಿತ್ತು. ಇಷ್ಟನ್ನೂ ಆ ದಿನ ಬೆಳಗಿನ ಕಾಫಿಗೆ ಮೊದಲೇ ನಾನು ಚಿಂತಿಸಿ ಮುಗಿಸಿದ್ದೆ. ಬೇರೆ ಕೆಲಸ ಹೇಗೋ ಏನೋ, ಚಿಂತೆಯನ್ನು ಸಂಜೆಗೆ ಉಳಿಸಿದವಳು ನಾನಲ್ಲ.

ಮೊನ್ನೆ ಬೆಣ್ಣೆ ಕಾಯಿಸಲಿಟ್ಟು ಗೇಟಿನ ಚಿಲಕ ಹಾಕಿದ್ದೇನೋ ಇಲ್ಲವೋ ಎಂದು ನೋಡಲು ಹೋದೆ. ಹಾಕಿತ್ತು. ಹೋದವಳು ಹಿತ್ತಿಲ ಬಾಗಿಲನ್ನೂ ನೋಡಿದೆ. ಅದೂ ಹಾಕಿತ್ತು. ತಿರುಗಿ ಬರುವಾಗ ಬೆಣ್ಣೆ ತುಪ್ಪದ ಹದ ದಾಟಿ ಕಂದು ಬಣ್ಣಕ್ಕೆ ತಿರುಗಿತ್ತು. ನನ್ನನ್ನು ನಾನೇ ಬೈದುಕೊಳ್ಳಬೇಕಿತ್ತು. ಆದರೆ ಒಲೆ ಆರಿಸಿ ಸೌಟು ಹಿಡಿದುಕೊಂಡು ಸುಮ್ಮನೆ ನಿಂತುಬಿಟ್ಟೆ. ಹುರಿದ ಬೀಜದ ಹಾಗೆ, ಸ್ವಲ್ಪ ಕಾಡಿನ ಜೇನಿನ ಹಾಗೆ ಒಂದು ಪರಿಮಳ… ಅದು ಬಾಯಮ್ಮನ ಅಡಿಗೆಮನೆಯ ಪರಿಮಳ.

ಬಾಯಮ್ಮ ಅಂದರೆ ಪುತ್ತೂರಿನಲ್ಲಿ ನಮ್ಮ ಪಕ್ಕದ ಮನೆಯವರು. ಇಗರ್ಜಿಗೆ ಹೋಗುವ ಕ್ರೈಸ್ತ ಹೆಂಗಸರನ್ನು ನಮ್ಮ ಕಡೆ ಹಾಗೆಯೇ ಕರೆಯುವುದು. ಅವರ ಗಂಡ ಬಸ್ಸಿನ ಡ್ರೈವರು. ನಾನು ಬೆಟ್ಟಂಪಾಡಿಯಿಂದ ಮದುವೆಯಾಗಿ ಆ ಓಣಿಗೆ ಬಂದಾಗ ಹತ್ತೊಂಬತ್ತರ ಪ್ರಾಯ. ಅವರಿಗೆ ನಲವತ್ತರ ಹತ್ತಿರ. ಹುಟ್ಟಿದ್ದು ಮಾಹೆಯಲ್ಲಿ, ಫ್ರೆಂಚರ ಕಾಲದಲ್ಲಿ. ಅವರ ತಾಯಿ ಅಲ್ಲಿ ಒಬ್ಬ ಫ್ರೆಂಚ್ ಅಧಿಕಾರಿಯ ಮನೆಯಲ್ಲಿ ಅಡಿಗೆಗಿದ್ದರು. ಆ ಮನೆಯ ಮದಾಮ್ಮ ಕಲಿಸಿಕೊಟ್ಟದ್ದು ಈ ಬಾದಾಮಿಯ ಕೇಕು. ಅಂಗೈಯಲ್ಲಿ ಮುಚ್ಚಿ ಹಿಡಿಯುವಷ್ಟು ಚಿಕ್ಕದು, ದೋಣಿಯ ಆಕಾರ. ಮದಾಮ್ಮನ ಊರಿನಲ್ಲಿ ಅದಕ್ಕೆ ಅದೇನೋ ಕೆಂಪು ಹಣ್ಣು ಹಾಕುತ್ತಿದ್ದರಂತೆ. ಮಾಹೆಯಲ್ಲಿ ಅದು ಎಲ್ಲಿಯದು? ತಾಯಿ ಗುಡ್ಡೆಯ ಹಣ್ಣು ಹಾಕಿದರು. ಮದಾಮ್ಮ ತನ್ನ ದೇಶಕ್ಕೆ ಹಿಂದಿರುಗುವಾಗ ತಗಡಿನ ಅಚ್ಚುಗಳನ್ನು ತಾಯಿಗೆ ಬಿಟ್ಟುಹೋದಳು. ತಾಯಿ ತೀರಿದ ಮೇಲೆ ಅವು ಬಾಯಮ್ಮನ ಜೊತೆ ಪುತ್ತೂರಿಗೆ ಬಂದವು.

ಬಾಯಮ್ಮನಿಗೆ ಯಾವುದಕ್ಕೂ ಹೆದರಿಕೆ ಇರಲಿಲ್ಲ. ಹಲ್ಲಿ ನುಡಿದರೂ ಸರಿ, ಬೆಕ್ಕು ಅಡ್ಡ ಬಂದರೂ ಸರಿ. ನನಗೆ ಎಲ್ಲದಕ್ಕೂ ಹೆದರಿಕೆ. ಒಮ್ಮೆ ನಮ್ಮವರು ಕೊಡೆ ಮರೆತು ಅಡಿಕೆ ಮಂಡಿಗೆ ಹೊರಟುಬಿಟ್ಟಿದ್ದರು. ಹೊರಟವರನ್ನು ಹಿಂದಿನಿಂದ ಕರೆಯಬಾರದು. ಕರೆದರೆ ಹೋದ ಕೆಲಸ ಕೆಡುತ್ತದೆ, ಹೋದವರಿಗೇ ಏನಾದರೂ ಆಗುತ್ತದೆ. ನಮ್ಮ ಮನೆಗಳಲ್ಲಿ ಇದು ಉಸಿರಾಡುವಷ್ಟು ಸಹಜ. ಹಾಗಾಗಿ ನಾನು ಕೊಡೆ ಹಿಡಿದು, ಯಾರದೋ ಹಿತ್ತಿಲು ನುಗ್ಗಿ, ಓಣಿಯ ಆ ಬದಿಯಿಂದ ಅವರ ಎದುರಿಗೆ ಹೋಗಿ ಏದುಸಿರು ಬಿಡುತ್ತಾ ನಿಂತೆ. ಬಾಯಮ್ಮ ಇದನ್ನು ಜಗಲಿಯಿಂದ ನೋಡಿ ನಕ್ಕ ನಗು ಹಲವು ದಿನ ಮುಗಿಯಲಿಲ್ಲ.

"ದೇವರು ಬಾಯಿ ಕೊಟ್ಟದ್ದು ಎಂತಕ್ಕೆ ಮೋಳೆ? ಕರೆದ್ರೆ ಎಂತದೂ ಆಗುದಿಲ್ಲ. ಬೇಕಾದ್ರೆ ನಾನು ನಾಳೆ ಇವರನ್ನು ಹತ್ತು ಸಲ ಹಿಂದಿನಿಂದ ಕರೀತೇನೆ, ನೋಡು."

ಮೋಳೆ ಅಂದರೆ ಅವರ ಮಲೆಯಾಳದಲ್ಲಿ ಮಗಳು. ಮರುದಿನ ಡ್ರೈವರು ಕೆಲಸಕ್ಕೆ ಹೊರಟಾಗ ನಿಜವಾಗಿಯೂ ಕರೆದರು. ಆ ಮನುಷ್ಯ ಪಾಪ, ಪ್ರತಿ ಸಲವೂ ತಿರುಗಿ "ಎಂತ ಮಾರಾಯ್ತಿ?" ಎಂದು ಕೇಳಿ, ಕೊನೆಗೆ ತಲೆ ಆಡಿಸಿಕೊಂಡು ಹೋದರು. ಸಂಜೆ ನೆಟ್ಟಗೆ ಮನೆಗೆ ಬಂದರು. ನಾನು ಮಾತ್ರ ಅಲ್ಲಿಯವರೆಗೆ ಊಟ ಮಾಡಿರಲಿಲ್ಲ.

ಅಷ್ಟೆಲ್ಲ ನಗುವ ಹೆಂಗಸಿಗೆ ಒಂದೇ ಒಂದು ನೋವು. ಅವರ ಅಣ್ಣ. ತನ್ನನ್ನು ಕೇಳದೆ, ಎಲ್ಲಿಯದೋ ಊರಿನ ಬಸ್ಸು ಡ್ರೈವರನ್ನು ಮದುವೆಯಾದಳೆಂದು ಅಣ್ಣ ಮಾತು ಬಿಟ್ಟಿದ್ದರು. ತಾಯಿಯ ಮಣ್ಣಿಗೆ ಇಬ್ಬರೂ ಬಂದಿದ್ದರೂ ಮಾತಿಲ್ಲ. ಅಷ್ಟರಲ್ಲಿ ಅರವತ್ತರ ದಶಕ ಬಂತು. ಮಾಹೆ ನಮ್ಮ ದೇಶಕ್ಕೆ ಸೇರಿದ ಮೇಲೆ ಅಲ್ಲಿಯವರಿಗೆ ಬೇಕಾದರೆ ಫ್ರಾನ್ಸಿನ ಪ್ರಜೆಗಳಾಗಿ ಉಳಿಯಬಹುದಿತ್ತು. ಅಣ್ಣ ಹಾಗೆಯೇ ಉಳಿದರು, ಫ್ರಾನ್ಸಿಗೆ ಹೋಗುವ ಹಡಗಿಗೆ ಟಿಕೇಟನ್ನೂ ಮಾಡಿಸಿದರು. ಹೋಗುವ ಮೊದಲು ಒಂದು ದಿನ ಪುತ್ತೂರಿಗೆ ಬಂದು ಹೋಗುತ್ತಾರಂತೆ ಎಂಬ ಸುದ್ದಿಯನ್ನು ಕಾಸರಗೋಡು ಕಡೆಯ ಬಸ್ಸಿನವರು ಬಾಯಿಮಾತಿನಲ್ಲಿ ತಂದರು. ಮಧ್ಯಾಹ್ನದ ಬಸ್ಸಿಗೆ ಬರುವುದು, ಸಂಜೆಯ ಬಸ್ಸಿಗೆ ಹೋಗುವುದು.

ಬಾಯಮ್ಮ ಅಂದು ನಗಲಿಲ್ಲ. "ಅವ ನನ್ನ ಮನೆಯಲ್ಲಿ ಒಂದು ತುಂಡು ತಿಂದ್ರೆ ಸಾಕು," ಎಂದರು. ಅಷ್ಟೇ.

ಹಣ್ಣಿಗೆ ನಾವಿಬ್ಬರೂ ಕುಂಬ್ರದ ಕಡೆಯ ಗುಡ್ಡೆಗೆ ಹೋದೆವು. ಕುಂಟಲ ಹಣ್ಣೆಂದರೆ ನೇರಳೆಯ ಬಡ ತಂಗಿ. ಕಪ್ಪಾಗಿ ಗೊಂಚಲು ಗೊಂಚಲಾಗಿ ಗಿಡದಲ್ಲಿ ಇರುತ್ತದೆ, ತಿಂದರೆ ನಾಲಿಗೆ, ಹಲ್ಲು ಎಲ್ಲ ನೀಲಿ. ಜಗಲಿಯಲ್ಲಿ ಕೂತು ಒಂದೊಂದನ್ನೇ ಹಿಸುಕಿ ಬೀಜ ತೆಗೆದೆವು. ಬಾದಾಮಿಯನ್ನು ಕುಟ್ಟಿ ಬಟ್ಟೆಯಲ್ಲಿ ಸೋಸಿದ್ದು ನಾನು. ಅದು ಬಹಳ ಕಡಿಮೆ ಇತ್ತು.

"ಸ್ವಲ್ಪ ಗೇರುಬೀಜ ಸೇರಿಸಿದ್ರೆ ಆಗುದಿಲ್ವಾ ಬಾಯಮ್ಮ? ಯಾರಿಗೆ ಗೊತ್ತಾಗ್ತದೆ?"

"ಅವನಿಗೆ ಗೊತ್ತಾಗ್ತದೆ. ಅಮ್ಮನ ಕೈಯಿಂದ ತಿಂದವ ಅಲ್ವಾ?"

ನಮ್ಮ ಮನೆಗೆ ಆಗ ಮೊಟ್ಟೆ ಬರುತ್ತಿರಲಿಲ್ಲ. "ನೀನು ಆಚೆ ತಿರುಗು, ನಿನ್ನ ಅತ್ತೆಯ ಮರ್ಯಾದೆ ಉಳೀಲಿ," ಎಂದು ಹೇಳಿ ಬಾಯಮ್ಮ ಮೊಟ್ಟೆ ಒಡೆದು ಬಿಳಿಯನ್ನು ಮಾತ್ರ ತೆಗೆದುಕೊಂಡರು. ಹಳದಿ ಡ್ರೈವರ ಪಾಲಿಗೆ. ಆಮೇಲೆ ಬೆಣ್ಣೆ ಕಾಯಿಸಿದರು. ತುಪ್ಪವಾಯಿತು. ಇಳಿಸುತ್ತಾರೆ ಎಂದು ನೋಡಿದೆ, ಇಳಿಸಲಿಲ್ಲ. ಬಣ್ಣ ತಿರುಗಿತು.

"ಅಯ್ಯೋ, ತುಪ್ಪ ಕರಟಿತು ಬಾಯಮ್ಮ."

"ಕರಟಬೇಕು. ಇದರಲ್ಲಿ ಇರುದೇ ಅದು. ಹೆದರಿ ಮೊದಲೇ ಇಳಿಸಿದ್ರೆ ಬರೇ ತುಪ್ಪ, ಕಾದು ಇಳಿಸಿದ್ರೆ ಕೇಕು."

ಬಾದಾಮಿ ಪುಡಿ, ಸಕ್ಕರೆ, ಒಂದು ಹಿಡಿ ಮೈದಾ, ಮೊಟ್ಟೆಯ ಬಿಳಿ, ಆ ಕಂದು ತುಪ್ಪ. ಕಲಸಿ ಅಚ್ಚುಗಳಿಗೆ ಹೊಯ್ದು ಮೇಲಿನಿಂದ ಹಣ್ಣು ಒತ್ತಿದರು. ಹಿತ್ತಿಲಿನ ಒಲೆಯಲ್ಲಿ ದೊಡ್ಡ ತಾಮ್ರದ ಪಾತ್ರೆ. ಅಡಿಯಲ್ಲಿ ಮರಳು, ಮರಳಿನ ಮೇಲೆ ಅಚ್ಚುಗಳು, ಮುಚ್ಚಳದ ಮೇಲೆ ತೆಂಗಿನ ಗೆರಟೆಯ ಕೆಂಡ. ನಾನು ಆಕಾಶ ನೋಡುತ್ತಾ ಕೂತೆ. ಒಂದು ಮೋಡ ಬಂದಿತ್ತು. ಮೋಡ ಕುಂಬ್ರದ ಕಡೆ ಹೋಯಿತು. ಮುಚ್ಚಳ ತೆಗೆದಾಗ ಅಂಚೆಲ್ಲ ಕೆಂಪಗೆ, ನಡುವೆ ಹಣ್ಣು ಒಡೆದು ನೀಲಿ. ಒಂದೂ ಕೆಟ್ಟಿರಲಿಲ್ಲ. ನನಗೆ ಸ್ವಲ್ಪ ನಿರಾಶೆಯೇ ಆಯಿತೆಂದು ಹೇಳಬೇಕು. ಅಷ್ಟು ಚಿಂತೆ ಮಾಡಿದ್ದಕ್ಕೆ ಒಂದಾದರೂ ಕರಟಬೇಕಿತ್ತು.

ಬಸ್ಸು ಹೊತ್ತಿಗೆ ಸರಿಯಾಗಿ ಬಂತು. ಅಣ್ಣ ಇಳಿದರು. ಬಿಳಿ ಪ್ಯಾಂಟು, ಬಿಳಿ ಅಂಗಿ, ಸಪೂರ ಮೀಸೆ. ಜಗಲಿಯಲ್ಲಿ ನೀರು ಬೆಲ್ಲ ಕೊಟ್ಟರೆ ನೀರು ಮಾತ್ರ ಕುಡಿದರು. ಅಣ್ಣ ತಂಗಿ ಒಂದೊಂದು ಬದಿಯಲ್ಲಿ ಕೂತು ಹಡಗಿನ ಬಗ್ಗೆ, ಬಸ್ಸಿನ ಬಗ್ಗೆ, ಸೆಕೆಯ ಬಗ್ಗೆ ಮಾತಾಡಿದರು. ಗುರುತಿಲ್ಲದವರು ಆಡುವ ಮಾತುಗಳು. ನನಗೆ ಮಲೆಯಾಳ ಅಲ್ಪಸ್ವಲ್ಪ ಅರ್ಥವಾಗುತ್ತಿತ್ತು, ಗಡಿಯ ಹತ್ತಿರ ಹುಟ್ಟಿದವಳಲ್ಲವೇ. ಊಟಕ್ಕೆ ಎಬ್ಬಿಸಿದರೆ ಅವರು ಹೊಟ್ಟೆ ತುಂಬಿದೆ ಎಂದರು. ಬಾಯಮ್ಮ ಒಳಗೆ ಹೋಗಿ ತಟ್ಟೆ ತಂದು ಎದುರಿಗಿಟ್ಟರು.

ಅಣ್ಣ ತಟ್ಟೆಯನ್ನೇ ನೋಡುತ್ತಾ ಕೂತರು. ಕೈ ಮುಂದೆ ಬರಲಿಲ್ಲ. ಬೇಲಿಯಾಚೆ ಅತ್ತೆಯ ಕೆಮ್ಮು ಕೇಳಿಸಿತು. ಈಗ ಮಾತು ತೆಗೆಯುತ್ತಾರೆ ಎಂದು ನಾನು ಕಣ್ಣು ಮುಚ್ಚಿದೆ. ಅತ್ತೆ ಕೆಮ್ಮಿ ಒಳಗೆ ಹೋದರು. ಕಣ್ಣು ಬಿಟ್ಟಾಗ ಅಣ್ಣ ತಿನ್ನುತ್ತಿದ್ದರು. ಒಂದು ತಿಂದರು. ಇನ್ನೊಂದು ತೆಗೆದುಕೊಂಡರು. ಆಮೇಲೆ ತಲೆ ಎತ್ತಿ, "ಹಣ್ಣು ಜಾಸ್ತಿಯಾಯಿತು. ಅಮ್ಮ ಇಷ್ಟು ಹಾಕುತ್ತಿರಲಿಲ್ಲ," ಎಂದರು. ಹಲ್ಲೆಲ್ಲ ನೀಲಿ. ಅಷ್ಟು ಚೊಕ್ಕ ಮನುಷ್ಯನ ಆ ನೀಲಿ ಹಲ್ಲು ನೋಡಿ ಬಾಯಮ್ಮನಿಗೆ ನಗು ಬಂತು. ತಡೆಯಲು ನೋಡಿದರು, ಆಗಲಿಲ್ಲ. ಅಣ್ಣನಿಗೂ ಬಂತು. ನಕ್ಕು ನಕ್ಕು ಇಬ್ಬರ ಕಣ್ಣಲ್ಲೂ ನೀರು. ನಾನು ಎದ್ದು ಹಿತ್ತಿಲಿಗೆ ಹೋದೆ. ಅಲ್ಲಿ ನನಗೇನೂ ಕೆಲಸವಿರಲಿಲ್ಲ.

ಉಳಿದದ್ದನ್ನು ಬಾಯಮ್ಮ ಬಾಡಿಸಿದ ಬಾಳೆ ಎಲೆಯಲ್ಲಿ ಸುತ್ತಿ, ಮೇಲೆ ಕಾಗದ ಹಾಕಿ, ಬಾಳೆನಾರಿನಲ್ಲಿ ಕಟ್ಟಿ ಜಗಲಿಯ ಕಟ್ಟೆಯ ಮೇಲಿಟ್ಟರು. ಹಡಗು ಹತ್ತುವವರೆಗೆ ಕೆಡುವುದಿಲ್ಲ ಎಂದರು. ಹೊರಡುವಾಗ ಅಣ್ಣ ತಂಗಿಯ ತಲೆಯ ಮೇಲೆ ಕೈಯಿಟ್ಟರು. "ಎರಡು ವರ್ಷದಲ್ಲಿ ಬರುತ್ತೇನೆ," ಎಂದರು. ಚೀಲ ಹೆಗಲಿಗೇರಿಸಿ ಇಳಿದು ನಡೆದರು. ನಾವು ಅವರನ್ನೇ ನೋಡುತ್ತಾ ನಿಂತೆವು. ಓಣಿಯ ತುದಿ ಮುಟ್ಟುವ ಹೊತ್ತಿಗೆ ಬಸ್ಸೂ ಬಂದು ನಿಂತಿತು. ಆಗ ನನ್ನ ಕಣ್ಣು ಕಟ್ಟೆಯ ಮೇಲೆ ಹೋಯಿತು. ಪೊಟ್ಟಣ ಅಲ್ಲಿಯೇ ಇತ್ತು.

ಸುತ್ತು ಹಾಕಿ ಎದುರಿಗೆ ಹೋಗಲು ಹೊತ್ತಿಲ್ಲ. ಕರೆಯದೆ ಬೇರೆ ದಾರಿಯಿಲ್ಲ. ಹುಟ್ಟಿದಂದಿನಿಂದ ಯಾರನ್ನೂ ಹಿಂದಿನಿಂದ ಕರೆಯದ ನಾನು ಬಾಯಿ ತೆರೆದೆ. ತೆರೆದ ಬಾಯಿಯ ಮೇಲೆ ಒಂದು ಕೈ ಬಂದು ಒತ್ತಿತು. ಕಂದು ತುಪ್ಪದ, ಹಣ್ಣಿನ ವಾಸನೆಯ ಕೈ.

"ಬೇಡ ಮೋಳೆ," ಬಾಯಮ್ಮ ಪಿಸುಗುಟ್ಟಿದರು. "ಕಡಲು ದಾಟಿ ಹೋಗುವವ."

ಪೊಟ್ಟಣ ಹಿಡಿದು ನಾನು ಓಡಿದೆ, ಅದು ಬೇರೆ ಮಾತು. ಸೀಟಿ ಕೇಳಿಸಿತು, ಬಸ್ಸು ಹೋಯಿತು. ಹಿಂದೆ ಬಂದು ಪೊಟ್ಟಣವನ್ನು ಅವರ ಕೈಗೆ ಕೊಟ್ಟೆ. ಅವರು ಅದನ್ನು ಮಡಿಲಲ್ಲಿಟ್ಟು ಜಗಲಿಯಲ್ಲೇ ಕೂತರು. ಕತ್ತಲಾಗುವ ಹೊತ್ತಿಗೆ ನಮ್ಮ ಅತ್ತೆ ಮೊದಲ ಬಾರಿಗೆ ಬೇಲಿ ದಾಟಿ ಬಂದು ಆ ಜಗಲಿಯ ಮೆಟ್ಟಿಲಲ್ಲಿ ಕೂತು ಹೇಳಿದರು, "ಬೇಜಾರು ಮಾಡಬೇಡಿ ಬಾಯಮ್ಮ. ವಸ್ತು ಬಿಟ್ಟು ಹೋದವರು ತಿರುಗಿ ಬರ್ತಾರೆ."

ಬಾಯಮ್ಮ ಅದಕ್ಕೂ ನಗಲಿಲ್ಲ. ನಂಬಿದರು. ಪೊಟ್ಟಣ ಗೋಡೆಯ ಮಾಡದಲ್ಲಿ, ಏಸುವಿನ ಪಟದ ಕೆಳಗೆ, ಮಳೆಗಾಲ ಹಿಡಿಯುವವರೆಗೂ ಇತ್ತು. ಆಮೇಲೆ ಮುತ್ತಿದ ಇರುವೆಗಳು ಮಾತ್ರ ಅತ್ತೆಯ ಮಾತನ್ನು ನಂಬಲಿಲ್ಲ…

ಅಣ್ಣ ಬರಲಿಲ್ಲ. ಎರಡು ವರ್ಷ ಕಳೆಯಿತು, ಇನ್ನೂ ಕೆಲವು ವರ್ಷ ಕಳೆಯಿತು. ಅಲ್ಲಿಯೇ ತೀರಿಕೊಂಡ ಸುದ್ದಿಯೂ ಬಸ್ಸಿನವರ ಬಾಯಿಯಲ್ಲೇ ಬಂತು. ಡ್ರೈವರಿಗೆ ಕಡಬದ ದಾರಿಯ ಬಸ್ಸು ಸಿಕ್ಕಿದ್ದರಿಂದ ಅವರಿಬ್ಬರೂ ಅಲ್ಲಿಯೇ ಮನೆ ಮಾಡಿದರು. ಹೋಗುವಾಗ ಅಚ್ಚುಗಳನ್ನು ನನ್ನ ಕೈಯಲ್ಲಿಟ್ಟು, "ನಾನು ಇನ್ನು ಮಾಡುದಿಲ್ಲ. ತುಪ್ಪ ಬಣ್ಣ ತಿರುಗುವಾಗ ಹೆದರಿಕೆ ಆಗ್ತದೆ," ಎಂದರು. ಬಾಯಮ್ಮನ ಬಾಯಿಯಲ್ಲಿ ಹೆದರಿಕೆ ಎಂಬ ಮಾತನ್ನು ನಾನು ಕೇಳಿದ್ದು ಅದೊಂದೇ ಸಲ. ಅವರೂ ತೀರಿಹೋಗಿ ಈಗ ಬಹಳ ವರ್ಷವಾಯಿತು.

ಅತ್ತೆಯೂ ಇಲ್ಲ. ಮೊಟ್ಟೆ ಈಗ ನಮ್ಮ ಮನೆಗೂ ಬರುತ್ತದೆ. ಮೊನ್ನೆ ಕರಟಿದ ತುಪ್ಪವನ್ನು ಚೆಲ್ಲಲು ಮನಸ್ಸು ಬರಲಿಲ್ಲ. ಅಟ್ಟದಿಂದ ಅಚ್ಚುಗಳನ್ನು ಇಳಿಸಿ ತಿಕ್ಕಿದೆ. ಕುಂಟಲ ಹಣ್ಣಿನ ಗುಡ್ಡೆಯಲ್ಲಿ ಈಗ ರಬ್ಬರು. ತೋಟದ ಬೇಲಿಯ ಬದಿಯಲ್ಲಿ ಉಳಿದಿದ್ದ ಒಂದು ಗಿಡದಿಂದ ಹಿಡಿಯಷ್ಟು ಸಿಕ್ಕಿತು. ಕೇಕು ತಕ್ಕಮಟ್ಟಿಗೆ ಬಂತು. ಮರುದಿನ ನಮ್ಮವರು ಸುಳ್ಯಕ್ಕೆ, ತಂಗಿಯ ಮನೆಗೆ ಹೊರಟಿದ್ದರು. ಒಂದು ಡಬ್ಬಿ ತುಂಬಿಸಿ ಜಗಲಿಯಲ್ಲಿಟ್ಟೆ. ಅವರು ಚಪ್ಪಲಿ ಹುಡುಕಿ, ನನ್ನನ್ನು ಬೈದು, ಡಬ್ಬಿ ಬಿಟ್ಟು ಗೇಟು ದಾಟಿದರು.

ಬಾಯಿ ತೆರೆದೆ. ಒಂದು ಕ್ಷಣ ಹಾಗೆಯೇ ನಿಂತೆ… ಮುಚ್ಚಲು ಯಾವ ಕೈಯೂ ಬರಲಿಲ್ಲ. ಕರೆದೆ.

"ಹೊರಟವನನ್ನು ಹಿಂದಿನಿಂದ ಕರೀತೀಯಲ್ಲ, ನಿನಗೆ ಎಂತ ಆಗಿದೆ ಮಾರಾಯ್ತಿ?" ಎಂದು ಗೊಣಗುತ್ತಾ ತಿರುಗಿ ಬಂದು ಡಬ್ಬಿ ತೆಗೆದುಕೊಂಡು ಹೋದರು. ಸಂಜೆ ಬಸ್ಸಿಗೆ ನೆಟ್ಟಗೆ ಬಂದರು. ಅಲ್ಲಿಯವರೆಗೆ ನಾನು ಊಟ ಮಾಡಿರಲಿಲ್ಲ; ಈ ಪ್ರಾಯದಲ್ಲಿ ಅದೊಂದು ಆಯಾಸ. ಏನೂ ಆಗಿರಲಿಲ್ಲ. ಕರೆದರೆ ಏನೂ ಆಗುವುದಿಲ್ಲ. ಇದನ್ನು ಬಾಯಮ್ಮನಿಗೆ ಹೇಳಬೇಕೆನಿಸಿತು. ಹೇಳುವುದೇನು, ನನಗೆ ಅದನ್ನು ಹೇಳಿಕೊಟ್ಟವರೇ ಅವರು.

ಅಣ್ಣ ಬಂದ ಆ ದಿನ ಬಸ್ಸು ಕೆಡಲಿಲ್ಲ, ಮಳೆ ಬರಲಿಲ್ಲ, ಬಾದಾಮಿ ಕಹಿಯಾಗಲಿಲ್ಲ, ಅತ್ತೆ ಮಾತು ತೆಗೆಯಲಿಲ್ಲ, ಅಣ್ಣ ಬೇಡ ಎನ್ನಲಿಲ್ಲ. ಜಗಲಿಯ ಕಟ್ಟೆಯ ಮೇಲೆ ಒಂದು ಪೊಟ್ಟಣ ಉಳಿಯಿತು, ಅಷ್ಟೇ.