ಕರೆಂಟು ಹೋಗುವುದನ್ನೇ ಕಾಯುವ ಗುರುಶಾಂತ

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷ ಇದೆ. ಅಫಜಲಪುರ ತಾಲೂಕಿನ ಭೀಮಾ ದಂಡೆಯ ಪಂಪ್‌ಹೌಸಿನಲ್ಲಿ ಗುರುಶಾಂತ ಮೂಗಿಗೆ ಟವೆಲ್ ಬಿಗಿದುಕೊಂಡು, ನೀಲಿ ಡ್ರಮ್ಮಿನ ಮೇಲೆ ಬಗ್ಗಿ ಬ್ಲೀಚಿಂಗ್ ಪೌಡರ್ ಕಲಸುತ್ತಿದ್ದಾರೆ. ಕೈಯಲ್ಲಿ ಬೇವಿನ ಕೋಲು, ಅದರ ತುದಿ ಪೌಡರಿಗೆ ಸುಟ್ಟು ಬೆಳ್ಳಗಾಗಿದೆ. ಎಡಕ್ಕೆ ನಲವತ್ತು ಸುತ್ತು, ಬಲಕ್ಕೆ ನಲವತ್ತು ಸುತ್ತು. ತಿಳಿಯಾದದ್ದನ್ನು ತೊಟ್ಟಿಗೆ ಸುರಿದು ಹೊರಗೆ ಬರುತ್ತಾರೆ, ಅಂಗಳದ ಬೇವಿನ ಮರಕ್ಕೆ ಒಂದು ಕೈ ಊರಿ ಎರಡು ನಿಮಿಷ ಬಿಡದೆ ಕೆಮ್ಮುತ್ತಾರೆ. ಕೆಮ್ಮು ಮುಗಿದ ಮೇಲೆ ಏನೂ ಆಗೇ ಇಲ್ಲವೆಂಬಂತೆ ಒಳಗೆ ಹೋಗಿ ಸ್ಟಾರ್ಟರಿನ ಹಸಿರು ಗುಂಡಿ ಒತ್ತುತ್ತಾರೆ. ಮೋಟಾರು ಗುರ್ ಅಂತ ಏಳುತ್ತದೆ, ಕಿಟಕಿಯ ಗಾಜು ನಡುಗುತ್ತದೆ, ಐದು ಹಳ್ಳಿಗಳ ಕಡೆಗೆ ನೀರು ಹೊರಡುತ್ತದೆ.

ಸ್ಟಾರ್ಟರ್ ಪೆಟ್ಟಿಗೆಯ ಮೇಲ್ಗಡೆ ಗೋಡೆಯಲ್ಲಿ ಒಂದು ಕಬ್ಬಿಣದ ಕೊಕ್ಕೆ ಇದೆ. ಗುಂಡಿ ಒತ್ತಿದ ಕೂಡಲೇ ಗುರುಶಾಂತರ ಕಣ್ಣು ಅಲ್ಲಿಗೆ ಹೋಗುತ್ತದೆ, ಹೋಗಿ ಸುಮ್ಮನೆ ವಾಪಸ್ ಬರುತ್ತದೆ. ನಲವತ್ತೊಂದು ದಿನದ ಹಿಂದಿನವರೆಗೆ ಅಲ್ಲಿ ಒಂದು ಪಂಜರ ತೂಗುತ್ತಿತ್ತು. ಅದರೊಳಗೆ ಹೆಬ್ಬೆರಳಿನಷ್ಟು ದೊಡ್ಡದೊಂದು ಫಿಂಚ್ ಹಕ್ಕಿ. ಕೆಂಪು ಕೊಕ್ಕು, ಕಿತ್ತಳೆ ಬಣ್ಣದ ಕೆನ್ನೆ, ಹೆಸರು ಮುನ್ನಾ. ಅದು ಈ ಕೊಕ್ಕೆಗೆ ಮರಳಿ ಬರುತ್ತದೋ ಇಲ್ಲವೋ ಎಂಬುದೊಂದೇ ಈಗ ಅವರ ಚಿಂತೆ. ಅದು ತೀರ್ಮಾನವಾಗಬೇಕಿರುವುದು ನಾಲ್ಕು ತಗಡಿನಿಂದ.

ಗುರುಶಾಂತರಿಗೆ ನಲವತ್ನಾಲ್ಕು ವರ್ಷ. ಊರು ಆಳಂದ ತಾಲೂಕಿನ ನರೋಣಾ. ಹತ್ತನೆಯ ತರಗತಿಯ ನಂತರ ಹೊಲ, ಲಾರಿ, ಕಿರಾಣಿ ಅಂಗಡಿ ಎಲ್ಲವನ್ನೂ ಸುತ್ತಿ, ಹದಿನಾಲ್ಕು ವರ್ಷದ ಹಿಂದೆ ಗುತ್ತಿಗೆಯ ಮೇಲೆ ಇಲ್ಲಿಗೆ ವಾಟರ್‌ಮನ್ ಆಗಿ ಬಂದರು. ಎರಡು ಮೋಟಾರು, ಏಳು ನೀರಿನ ಟಾಕಿ, ದಿನಕ್ಕೆ ಸುಮಾರು ಆರು ಲಕ್ಷ ಲೀಟರ್ ನೀರು. ಎರಡೂವರೆ ಕಿಲೋ ಪೌಡರು, ಮಳೆಗಾಲದಲ್ಲಿ ಹೊಳೆ ಕೆಂಪಾದರೆ ಅದರ ದುಪ್ಪಟ್ಟು. ಕರೆಂಟು ಇದ್ದಷ್ಟು ಹೊತ್ತೂ ಮೋಟಾರಿನ ಪಕ್ಕದಲ್ಲೇ ಇರಬೇಕು. ಅವರ ಮಂಚ, ಸ್ಟವ್, ಟ್ರಂಕು ಎಲ್ಲ ಅದೇ ಕೋಣೆಯಲ್ಲಿವೆ. ಮದುವೆಯ ಮಾತು ತೆಗೆದರೆ ನಗುತ್ತಾರೆ. "ಎರಡು ಸಲ ಹೆಣ್ಣು ನೋಡಾಕ ಹೊಂಟಿದ್ದೆ ರಿ. ಎರಡೂ ಸಲ ಕರೆಂಟ್ ಬಂತು" ಎನ್ನುತ್ತಾರೆ.

ಐದು ಹಳ್ಳಿಯ ಜನಕ್ಕೆ ಗುರುಶಾಂತರ ಮುಖ ಗೊತ್ತಿಲ್ಲ, ಫೋನ್ ನಂಬರ್ ಮಾತ್ರ ಚೆನ್ನಾಗಿ ಗೊತ್ತು. ನಳದಲ್ಲಿ ನೀರು ಬಂದರೆ ಅದು ನಳದ ಗುಣ, ಬರದಿದ್ದರೆ ಗುರುಶಾಂತನ ತಪ್ಪು. ಒಂದು ದಿನ ತಡವಾದರೆ ಹಗಲೆಲ್ಲ ಫೋನು ಬಡಿದುಕೊಳ್ಳುತ್ತದೆ. ಮಿಕ್ಕ ದಿನ ಅದು ಬಾಯಿ ಬಿಡುವುದಿಲ್ಲ.

ಮೊದಲು ಇಲ್ಲಿ ಇಬ್ಬರಿದ್ದರು. ಇನ್ನೊಂದು ಪಾಳಿಯ ಶಿವರಾಯ ಹಿರಿಯರು, ಮಾತಿನವರು. ಕಲಬುರಗಿಯ ಸಂತೆಯಿಂದ ಒಂದು ಜೋಡಿ ಫಿಂಚ್ ತಂದು ಕೊಕ್ಕೆಗೆ ನೇತುಹಾಕಿದವರು ಅವರೇ. ಮೂರು ವರ್ಷದ ಹಿಂದೆ ನಿವೃತ್ತರಾಗಿ ಹೊರಟಾಗ ಪಂಜರ ಇಲ್ಲೇ ಬಿಟ್ಟು ಹೇಳಿದರಂತೆ: "ಹೊಸ ಮನಷಾ ಬರೋತನಕ ಇವೇ ನಿನ್ನ ಪಾಳಿಯವ್ರು ಅಂತ ತಿಳ್ಕೊ." ಹೊಸ ಮನುಷ್ಯ ಇವತ್ತಿನವರೆಗೂ ಬಂದಿಲ್ಲ. ಗುರುಶಾಂತ ಎರಡೂ ಪಾಳಿ ಮಾಡುತ್ತಿದ್ದಾರೆ.

ಮೋಟಾರು ಓಡುವಾಗ ಹಕ್ಕಿಯ ಕೊಕ್ಕು ಆಡುವುದಷ್ಟೇ ಕಾಣುತ್ತಿತ್ತು, ದನಿ ಕೇಳುತ್ತಿರಲಿಲ್ಲ. ಕರೆಂಟು ಹೋದ ಕ್ಷಣ ಕೋಣೆ ಥಟ್ಟನೆ ಮೌನವಾಗುತ್ತಿತ್ತು. ಆಗ ಮುನ್ನಾನ ಹಾಡು ಎದ್ದು ಕೇಳುತ್ತಿತ್ತು, ಆಟಿಕೆಯ ಪೀಪಿಯನ್ನು ಅವಸರದಲ್ಲಿ ಊದಿದ ಹಾಗೆ. ಗುರುಶಾಂತ ಅದರ ಎದುರು ಸ್ಟೂಲ್ ಹಾಕಿಕೊಂಡು ರೊಟ್ಟಿ, ಪುಂಡಿಪಲ್ಯ ಉಣ್ಣುತ್ತಿದ್ದರು. "ಎಲ್ಲಾರೂ ಕರೆಂಟ್ ಹೋತಂದ್ರ ಬೈತಾರ. ನನಗ ಆವಾಗೇ ಮಾತಾಡಾಕ ಮಂದಿ ಸಿಗ್ತಿದ್ರು" ಎಂದು ಅವರು ಹೇಳುವಾಗ ಕೇಳಿದವರಿಗೆ ಸಂಕಟವಾಗುತ್ತದೆ.

ಕಳೆದ ವರ್ಷ ವೈಶಾಖದ ಬಿರುಗಾಳಿಗೆ ಹೊರಗೆ ಪೌಡರ್ ಚೀಲ ಇಡುತ್ತಿದ್ದ ಸಣ್ಣ ಖೋಲಿಯ ಚಾವಣಿಯ ತಗಡು ನಾಲ್ಕೂ ಹಾರಿ ಹೊಳೆಗೆ ಬಿದ್ದವು. ಗುರುಶಾಂತ ತಾಡಪತ್ರಿ ಕಟ್ಟಿದರು, ಅದೂ ಹಾರಿತು. ಪೌಡರು ತೋಯ್ದರೆ ಸತ್ವ ಹೋಗುತ್ತದೆ, ಸತ್ವ ಹೋದ ಪೌಡರು ಹಾಕಿದರೆ ಹಳ್ಳಿಗಳಲ್ಲಿ ವಾಂತಿಭೇದಿ. ಆದ್ದರಿಂದ ಇಪ್ಪತ್ತು ಚೀಲ ಮೋಟಾರಿನ ಕೋಣೆಯೊಳಗೆ ಬಂದವು. ತಮ್ಮ ಕೈಯಿಂದಲೇ ತಗಡು ತರುತ್ತೇನೆಂದರೂ ಕಚೇರಿಯವರು ಬೇಡವೆಂದರು. ಹೊಸ ಖೋಲಿ ಮಂಜೂರಾಗಿದೆ, ಹಳೆಯದನ್ನು ಮುಟ್ಟಬೇಡ ಎಂಬ ಮಾತು. ಆ ಹೊಸ ಖೋಲಿ ಎಲ್ಲಿದೆಯೋ ಮಂಜೂರು ಮಾಡಿದವರಿಗೇ ಗೊತ್ತು. ಆ ಮಳೆಗಾಲದಲ್ಲಿ ಜೋಡಿಯ ಹೆಣ್ಣು ಹಕ್ಕಿ ಸತ್ತಿತು. ಥಂಡಿ ಎಂದುಕೊಂಡು ಗುರುಶಾಂತ ಅದನ್ನು ಬೇವಿನ ಬುಡದಲ್ಲಿ ಹೂತರು.

ಈ ವರ್ಷ ಶ್ರಾವಣದ ಜಡಿಮಳೆ ಹಿಡಿದು, ಬಾಗಿಲು ಕಿಟಕಿ ಮುಚ್ಚಿದ್ದ ಒಂದು ಬೆಳಿಗ್ಗೆ ಮುನ್ನಾ ಮೇಲಿನ ಕಡ್ಡಿಯ ಮೇಲೆ ಇರಲಿಲ್ಲ. ಪಂಜರದ ತಳದಲ್ಲಿ ಕೂತಿತ್ತು. ಮೈಯ ಪುಕ್ಕವೆಲ್ಲ ಉಬ್ಬಿ, ಕಣ್ಣು ಅರ್ಧ ಮುಚ್ಚಿತ್ತು. ಕೊಕ್ಕಿನ ಕೆಂಪು ಮಾಸಿತ್ತು, ನವಣೆ ಹಾಕಿದ್ದು ಹಾಕಿದ ಹಾಗೇ ಇತ್ತು. ಒಂದೊಂದು ಉಸಿರಿಗೂ ಬಾಲ ಏರುತ್ತಿತ್ತು, ಇಳಿಯುತ್ತಿತ್ತು. ಅವತ್ತು ಕರೆಂಟು ಮೂರು ಸಲ ಹೋಯಿತು. ಮೂರು ಸಲವೂ ಕೋಣೆ ಸುಮ್ಮನಿತ್ತು.

ಇದಕ್ಕೂ ಥಂಡಿಯೇ ಎಂದುಕೊಂಡರು ಗುರುಶಾಂತ. ಹೊಳೆಯ ಗಾಳಿ ತಾಗದಿರಲೆಂದು ಪಂಜರವನ್ನು ಕೆಳಗಿಳಿಸಿ ಮೂಲೆಯಲ್ಲಿಟ್ಟರು. ಸುತ್ತಲೂ ಮೂರು ಕಡೆ ಚೀಲಗಳನ್ನು ಒಂದರ ಮೇಲೊಂದು ಪೇರಿಸಿ ಗೋಡೆ ಮಾಡಿದರು. ಕೋಣೆಯಲ್ಲಿ ಇದ್ದ ಚೀಲ ಅವೇ.

ದಂಡೆಯಲ್ಲಿ ಎಮ್ಮೆ ಮೇಯಿಸುವ ಧರ್ಮಣ್ಣ ಪಶು ವೈದ್ಯೆ ಫರಹೀನ ಅವರ ನಂಬರ್ ಕೊಟ್ಟರು. ಹಕ್ಕಿ ಹಿಡಿದುಕೊಂಡು ಅಫಜಲಪುರಕ್ಕೆ ಹೋಗೋಣವೆಂದರೆ ಮೋಟಾರು ಬಿಡುವಂತಿಲ್ಲ. ಕರೆಂಟು ಹೋದ ಹೊತ್ತಿಗೆ ಫೋನಿನಲ್ಲಿ ವಿಡಿಯೊ ಕಳಿಸಿದರು. ವೈದ್ಯೆ ನೋಡಿ ಕೂಡಲೇ ಕರೆ ಮಾಡಿದರು.

"ಫಿಂಚ್ ಜಡ್ಡು ಮುಚ್ಚಿಡೋ ಜಾತಿ ರಿ. ಕಡೀತನಕ ಆರಾಮ ಇದ್ದಂಗ ತೋರಸ್ತದ. ನಿಮ್ಮ ಕಣ್ಣಿಗಿ ಬಿತ್ತಂದ್ರ ಜಡ್ಡು ಹಳೇದು ಅಂತ ತಿಳೀರಿ. ಒಂದು ಬಾಜು ಕಾವಿಗಂತ ನಲವತ್ತು ವ್ಯಾಟಿನ ಬಲ್ಬ್ ಹಚ್ಚ್ರಿ, ಬೇಕಂದ್ರ ಅದರ ಹತ್ರ ಬರ್ತದ, ಬ್ಯಾಡಂದ್ರ ದೂರ ಹೋಗ್ತದ. ಕಾಳು ನೀರು ತಳದಾಗೇ ಇಡ್ರಿ, ಮ್ಯಾಲ ಹಾರಾಕ ತಾಕತ್ ಇಲ್ಲ ಅದಕ. ಮ್ಯಾಲಿಂದ ಮ್ಯಾಲ ಕೈ ಹಚ್ಚಬ್ಯಾಡ್ರಿ." ಆಮೇಲೆ ಅವರು ತಡೆದು ಕೇಳಿದರು, "ಅಲ್ಲಿ ಕೆಮ್ಮಾಕತ್ತೋರು ಯಾರ್ರಿ?"

"ನಾನೇ ರಿ. ಒಂದು ವರ್ಷ ಆತು. ನಂದು ಬಿಡ್ರಿ ಮೇಡಂ, ಹಕ್ಕೀದು ಹೇಳ್ರಿ."

ಬಲ್ಬು ಹಚ್ಚಿದರು. ಕಾಳಿನ ಬಟ್ಟಲನ್ನು ಕೆಳಗಿಟ್ಟರು. ಗಂಟೆಗೊಮ್ಮೆ ಬಗ್ಗಿ ನೋಡಿದರು, ಬಾಲ ಆಡುತ್ತಲೇ ಇತ್ತು. ಮೂರನೆಯ ದಿನ ಮಳೆ ಸ್ವಲ್ಪ ಹೊಳವಾದಾಗ ಪಂಜರ ತೊಳೆಯಲೆಂದು ಅದನ್ನು ಬೇವಿನ ಕೊಂಬೆಗೆ ತೂಗುಹಾಕಿದರು. ಅರ್ಧ ತಾಸಿನಲ್ಲಿ ಮುನ್ನಾ ಒಂದು ಕಡ್ಡಿ ಏರಿತು, ಎರಡು ಕಾಳು ಒಡೆಯಿತು. ಒಳಗೆ ತಂದು ಚೀಲಗಳ ನಡುವೆ ಇಟ್ಟರೆ ಮತ್ತೆ ತಳಕ್ಕೆ ಇಳಿದು ಉಬ್ಬಿಕೊಂಡಿತು. ಗುರುಶಾಂತ ಅದನ್ನೂ ವೈದ್ಯೆಗೆ ತಿಳಿಸಿ, ಅವರು ಕೇಳಿದರೆಂದು ಕೋಣೆಯ ಫೋಟೊ ಕಳಿಸಿದರು.

"ಅದರ ಸುತ್ತ ಆ ಬಿಳೀ ಚೀಲ ಏನವ ರಿ?"

"ಬ್ಲೀಚಿಂಗ್ ಪೌಡರ್ ರಿ. ಹವಾ ತಡೀಲಿ ಅಂತ ನಾನೇ ಪೇರ್ಸೇನಿ."

ವೈದ್ಯೆ ನಿಧಾನವಾಗಿ ಹೇಳಿದರು. ಇಷ್ಟು ಸಣ್ಣ ಹಕ್ಕಿಯ ಎದೆಗೆ ಆ ಘಾಟು ತಡೆಯುವುದಿಲ್ಲ, ಅದನ್ನು ಈಗಿಂದೀಗ ಆ ಕೋಣೆಯಿಂದ ಹೊರಗೆ ಒಯ್ಯಬೇಕು, ಮತ್ತೆ ಒಳಗೆ ತರಬಾರದು. ಫೋನು ಇಟ್ಟ ಮೇಲೆ ಗುರುಶಾಂತ ಚೀಲಗಳನ್ನು ಒಂದೊಂದಾಗಿ ಸರಿಸಿದರು. ಸರಿಸುತ್ತ ಸರಿಸುತ್ತ ಅವರಿಗೆ ಹೋದ ವರ್ಷದ ಹೆಣ್ಣು ಹಕ್ಕಿ ನೆನಪಾಯಿತು. "ಥಂಡಿ ಅಲ್ರಿ ಅದು. ನಾನೇ ಕೊಂದೆ. ಐದು ಊರಿನ ಮಂದಿಗಿ ಜಡ್ಡು ಬರಬಾರ್ದಂತ ಕಲಸೋ ಪೌಡರ್ ರಿ ಅದು" ಎನ್ನುವಾಗ ಅವರು ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಅದು ಬೆವರೋ ಅಲ್ಲವೋ ಎಂದು ಕೇಳುವ ಧೈರ್ಯ ಯಾರಿಗೂ ಆಗುವುದಿಲ್ಲ.

ಎರಡು ದಿನ ಮರಕ್ಕೇ ತೂಗುಹಾಕಿ ನೋಡಿದರು. ಮೇಲೆ ಕೊಡೆ ಕಟ್ಟಿದರು. ಮಳೆ ಓರೆಯಾಗಿ ಬಡಿಯಿತು, ಪಂಜರದ ತಳದ ತಟ್ಟೆಯ ಮೇಲೆ ಬೆಕ್ಕಿನ ಕೆಸರುಗಾಲು ಮೂಡಿತು. ಇಲ್ಲಿಟ್ಟುಕೊಂಡರೆ ಹಕ್ಕಿ ಉಳಿಯುವುದಿಲ್ಲ. ಕಳಿಸಿದರೆ ತಾವೊಬ್ಬರೇ ಉಳಿಯಬೇಕು. ಲೆಕ್ಕ ಇಷ್ಟೇ ಇತ್ತು, ಅದಕ್ಕೆ ಒಪ್ಪಿಕೊಳ್ಳಲು ಒಂದಿಡೀ ಹಗಲು ಬೇಕಾಯಿತು.

ಜೇವರ್ಗಿ ತಾಲೂಕಿನ ಕೊಳಕೂರದಲ್ಲಿ ಅಕ್ಕ ತುಳಜಾಬಾಯಿ ಇದ್ದಾರೆ. ಬೆಚ್ಚನೆಯ ಪಡಸಾಲೆಯ ಮನೆ. ಒಯ್ದು ಬಿಟ್ಟುಬರಲು ರಜೆ ಇಲ್ಲ. ಈ ಕಡೆ ಊರಿಂದ ಊರಿಗೆ ಬುತ್ತಿ, ಔಷಧಿ, ಮದುವೆ ಕಾರ್ಡು ಎಲ್ಲ ಬಸ್ಸಿನವರ ಕೈಯಲ್ಲೇ ಹೋಗುತ್ತವೆ. ಕರೆಂಟಿಲ್ಲದ ಹೊತ್ತು ನೋಡಿ ಗುರುಶಾಂತ ಪಂಜರಕ್ಕೆ ತಮ್ಮ ಹಳೆಯ ಅಂಗಿ ಸುತ್ತಿ, ಗಾಳಿಗೆ ಒಂದು ಕಡೆ ಬಿಟ್ಟು, ಡಾಂಬರು ರಸ್ತೆಯ ತನಕ ನಡೆದು ಹೋಗಿ ಜೇವರ್ಗಿ ಬಸ್ಸಿಗೆ ಕೈ ಮಾಡಿದರು. ಕಂಡಕ್ಟರ್ ರಸೂಲ ಬಹಳ ದಿನದ ಪರಿಚಯ.

"ಗುರುಶಾಂತಣ್ಣ, ಜೀವ ಇದ್ದದ್ದು ಅಂದ್ರ ಅರ್ಧ ಟಿಕೀಟ್ ಹರೀಬೇಕಾಗ್ತದ ನೋಡ್ರಿ. ಚೆಕ್ಕಿಂಗ್‌ನವ್ರು ನನ್ನ ಬಿಡಂಗಿಲ್ಲ."

"ಹರಿಯಪ್ಪಾ. ಸೀಟ್ ಮ್ಯಾಲ ಕುಂದರ್ಸು, ಕೆಳಗ ಇಡಬ್ಯಾಡ."

ರಸೂಲ ಟಿಕೀಟು ಹರಿದರು. ಪಂಜರವನ್ನು ತಮ್ಮ ಸೀಟಿನ ಮೇಲಿಟ್ಟು, ಜೇವರ್ಗಿಯ ತನಕ ತಾವೇ ನಿಂತುಕೊಂಡು ಹೋದರು. ಅಲ್ಲಿ ತುಳಜಾಬಾಯಿ ಕಾಯುತ್ತಿದ್ದರು. ಟಿಕೀಟು ಈಗ ಗುರುಶಾಂತರ ಟ್ರಂಕಿನಲ್ಲಿದೆ, ಆಧಾರ್ ಕಾರ್ಡಿನ ಜೊತೆಗೆ.

ಅವತ್ತಿನಿಂದ ಅವರು ಕರೆಂಟು ಹೋಗುವುದನ್ನು ಕಾಯುತ್ತಾರೆ. ಮೋಟಾರಿನ ಸದ್ದಿನಲ್ಲಿ ಫೋನು ಕಿವಿಗೆ ಕೇಳುವುದಿಲ್ಲ. ಹಕ್ಕಿಗೋಸ್ಕರ ಮೋಟಾರು ನಿಲ್ಲಿಸುವುದು ಅವರ ಜಾಯಮಾನದಲ್ಲಿಲ್ಲ. ಕರೆಂಟು ಹೋದರೆ ಮಾತ್ರ ಬೇವಿನ ಮರದ ಕೆಳಗೆ ಓಡಿ ಕೊಳಕೂರಕ್ಕೆ ಫೋನು ಹಚ್ಚುತ್ತಾರೆ. ಅಕ್ಕ ಫೋನನ್ನು ಪಂಜರಕ್ಕೆ ಹಿಡಿಯುತ್ತಾರೆ. ಮೊದಲ ಹತ್ತು ದಿನ ಆ ಕಡೆಯಿಂದ ಬರೇ ಪಡಸಾಲೆಯ ಗದ್ದಲ ಕೇಳಿತು. ಹನ್ನೊಂದನೆಯ ದಿನ ಪೀಪಿ ಊದಿತು.

ಇವತ್ತು ಹನ್ನೊಂದೂ ಇಪ್ಪತ್ತಕ್ಕೆ ಕರೆಂಟು ಹೋಗುತ್ತದೆ. ಕೋಣೆ ಮೌನವಾಗುತ್ತದೆ. ಗುರುಶಾಂತ ಉಣ್ಣುತ್ತಿದ್ದ ರೊಟ್ಟಿಯನ್ನು ಅಲ್ಲೇ ಇಟ್ಟು ಮರದ ಕೆಳಗೆ ಬರುತ್ತಾರೆ. ಫೋನು ಕಿವಿಗೆ ಒತ್ತಿ ಹಿಡಿದಿದ್ದಾರೆ. ಮುನ್ನಾ ಹಾಡುತ್ತದೆ, ಜೋರಾಗಿಯೇ ಹಾಡುತ್ತದೆ. ಅದು ನಿಲ್ಲಿಸಿದ ಮೇಲೆ ಇನ್ನೊಂದು ದನಿ, ಸಣ್ಣದು, ತುಂಡು ತುಂಡಾಗಿ ಉತ್ತರ ಕೊಡುತ್ತದೆ. ಗುರುಶಾಂತರ ಮುಖದ ಮೇಲಿನ ನಗೆ ಹಾಗೇ ನಿಂತುಬಿಡುತ್ತದೆ.

"ಕೇಳ್ತೇನು ತಮ್ಮಾ?" ಅಕ್ಕನ ದನಿ ಹೊರಗೂ ಕೇಳುತ್ತಿದೆ. "ಜೋಡಿ ತಂದೇವಿ. ಒಂಟಿ ಇಡಬಾರ್ದಂತ ಅದಕ. ಎಷ್ಟು ಚೆಂದ ಬಾಜು ಬಾಜು ಕುಂದರ್ತಾವ ಅಂತೀ! ನಿನ್ನ ಖೋಲಿಗಿ ತಗಡು ಬಿದ್ದು ಆ ಚೀಲ ಹೊರಗ ಹೋಗ್ಲಿ, ಎರಡೂ ಕಳಸ್ತೇನಿ."

ಗುರುಶಾಂತ ಕಾಲಿನಿಂದ ಬೇವಿನ ಎಲೆ ಸರಿಸುತ್ತಾರೆ. ಅದೇ ಬುಡದಲ್ಲಿ ಹೆಣ್ಣು ಹಕ್ಕಿಯನ್ನು ಹೂತದ್ದು.

"ಬ್ಯಾಡಕ್ಕಾ. ಅಲ್ಲೇ ಇರ್ಲಿ ಅವು. ಹೊಂದ್ಯಾವಲ್ಲ, ಸಾಕು."

ಮೋಟಾರಿನ ಕೋಣೆಯಲ್ಲಿ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. "ಕರೆಂಟ್ ಬಂತಕ್ಕಾ, ಇಡ್ತೇನಿ" ಎಂದು ಗುರುಶಾಂತ ಒಳಗೆ ಓಡುತ್ತಾರೆ. ಗುಂಡಿ ಒತ್ತಿ, ಅಭ್ಯಾಸದಂತೆ ಕೊಕ್ಕೆಯ ಕಡೆ ಒಮ್ಮೆ ನೋಡುತ್ತಾರೆ. ಚೀಲಗಳ ಪಕ್ಕದಲ್ಲಿ ಅವರ ಮಂಚ ಇದೆ. ಮಂಚದ ಮೇಲೆ ಕೂತು ಮತ್ತೆ ಕೆಮ್ಮುತ್ತಾರೆ.

ಪತ್ರಿಕೆಗೆಂದು ಬರೆದುಕೊಂಡು ನಾವು ಹೊರಡುವ ಹೊತ್ತಿಗೆ ಮೋಟಾರಿನ ಸದ್ದನ್ನು ಮೀರಿ ಕೂಗಿ ಹೇಳುತ್ತಾರೆ: "ಪಗಾರ ಗಿಗಾರ ಏನೂ ಬರೀಬ್ಯಾಡ್ರಿ. ಆ ಖೋಲಿಗಿ ನಾಲ್ಕು ತಗಡು ಹಾಕ್ಸ್ರಿ ಅಂತ ಬರೀರಿ, ಅಷ್ಟ ಸಾಕು."

ಹಕ್ಕಿ ಬರುವುದಿಲ್ಲವೆಂದ ಮೇಲೆ ತಗಡು ಯಾರಿಗೆ ಎಂದರೆ, ಅವರು ಸ್ವಲ್ಪ ನಾಚಿಕೊಳ್ಳುತ್ತಾರೆ. ಹದಿನಾಲ್ಕು ವರ್ಷದಲ್ಲಿ ತಮಗಾಗಿ ಏನನ್ನೂ ಕೇಳಿ ರೂಢಿಯಿಲ್ಲದ ಮನುಷ್ಯ.

"ನಾನೂ ಇದೇ ಹವಾ ತಗೋತೇನಲ್ರಿ."